ಉಪ್ಪಿನ ಡಬ್ಬಿ, ಮಣ್ಣಿನ ಮಡಕೆ ಮತ್ತು ಬೇಸಿಗೆಯ ಮುನ್ಸೂಚನೆ

ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ಸುದ್ದಿ ಬಂದೇ ಬರುತ್ತದೆ, ಈ ಸಲ ಕರಾವಳಿಯಲ್ಲೂ ಒಳನಾಡಿನಲ್ಲೂ ಬಿಸಿ ವಾಡಿಕೆಗಿಂತ ಜಾಸ್ತಿ ಅಂತ. ಓದಿದವರು ಒಂದೋ ಗಾಬರಿಯಾಗುತ್ತಾರೆ, ಇಲ್ಲಾ ಪ್ರತಿ ವರ್ಷ ಇದೇ ಮಾತು ಅಂತ ಸುಮ್ಮನಾಗುತ್ತಾರೆ. ಎರಡೂ ಬೇಡ. ನಾನು ಒಳನಾಡಿನಲ್ಲಿ ಹುಟ್ಟಿ ಬೆಳೆದವಳು, ಮದುವೆಯಾದ ಮೇಲೆ ಇಪ್ಪತ್ತೆರಡು ವರ್ಷ ಸಮುದ್ರದ ಹತ್ತಿರ ಸಂಸಾರ ಮಾಡಿದೆ, ಈಗ ವಯಸ್ಸಾದ ಮೇಲೆ ಮತ್ತೆ ಒಳನಾಡಿನ ಮನೆಗೆ ಬಂದಿದ್ದೇನೆ. ಎರಡೂ ಕಡೆಯ ಸೆಕೆ ಮೈಗೆ ಗೊತ್ತು. ಅಲ್ಲೂ 34 ಡಿಗ್ರಿ, ಇಲ್ಲೂ 34 ಡಿಗ್ರಿ ಅಂತ ಬರೆದಿದ್ದರೂ ಮನೆಯೊಳಗೆ ಮಾಡಬೇಕಾದ ಕೆಲಸ ಬೇರೆ, ಕೆಲವೊಮ್ಮೆ ಪೂರ್ತಿ ಉಲ್ಟಾ. ಇದನ್ನು ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ 'ವಾಡಿಕೆ' ಅನ್ನುವ ಮಾತು. ವಾಡಿಕೆ ಅಂದರೆ ಮೂವತ್ತು ವರ್ಷದ ಸರಾಸರಿ, ಈಗ ಹೆಚ್ಚಾಗಿ 1991ರಿಂದ 2020ರವರೆಗಿನ ಲೆಕ್ಕ ಹಿಡಿಯುತ್ತಾರೆ. ಇಡೀ ಬೇಸಿಗೆಗೆ ಅಂತ ಕೊಡುವ ಮುನ್ನೋಟ ಬರೀ ಸಾಧ್ಯತೆಯ ಮಾತು. ವಾಡಿಕೆಗಿಂತ ಬಿಸಿ ಇರುವ ಸಾಧ್ಯತೆ ಶೇ 60 ಅಂದರೆ ಬಿಸಿ ಶೇ 60ರಷ್ಟು ಏರುತ್ತದೆ ಅಂತ ಅರ್ಥ ಅಲ್ಲ, ಬರುವ ಮಂಗಳವಾರ ಎಷ್ಟು ಸೆಕೆ ಅಂತಲೂ ಅದು ಹೇಳಲ್ಲ. ಅದನ್ನು ನೋಡಿ ದೊಡ್ಡ ಕೆಲಸ ಮುಗಿಸಿಕೊಳ್ಳಿ. ಫ್ಯಾನ್ ಸರಿ ಮಾಡಿಸಿ, ನೀರಿನ ಟ್ಯಾಂಕ್ ತೊಳೆಸಿ, ಫ್ರಿಜ್ ಹಿಂದಿನ ಧೂಳು ತೆಗೆದು ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಡಿ. ದಿನದ ಕೆಲಸಕ್ಕೆ ಮಾತ್ರ ನಾಲ್ಕೈದು ದಿನದ ಮುನ್ಸೂಚನೆ ನೋಡಿ, ಅದನ್ನು ಸಾಕಷ್ಟು ನಂಬಬಹುದು.

ಇನ್ನೊಂದು ವಿಷಯ. ಅವರು ಹೇಳುವ ಡಿಗ್ರಿ ನೆರಳಿನದು. ನೆಲದಿಂದ ಹೆಚ್ಚುಕಡಿಮೆ ಆಳೆತ್ತರದಲ್ಲಿ, ಗಾಳಿ ಆಡುವ ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಅಳೆಯುತ್ತಾರೆ. ಆ ಪೆಟ್ಟಿಗೆಯನ್ನು ರೂಪಿಸಿದ್ದು ಥಾಮಸ್ ಸ್ಟೀವನ್ಸನ್ ಅನ್ನುವ ಎಂಜಿನಿಯರ್, ದೀಪಸ್ತಂಭ ಕಟ್ಟುತ್ತಿದ್ದವರು. ನಿಮ್ಮ ತಾರಸಿ, ಅಂಗಳದ ಕಲ್ಲು, ಅಡುಗೆಮನೆಯ ಒಲೆ ಪಕ್ಕ, ಇವೆಲ್ಲ ಆ ಲೆಕ್ಕದಲ್ಲಿ ಇಲ್ಲ. ಬಿಸಿಲಲ್ಲಿ ನಿಂತವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನಿಸುತ್ತದೆ.

ಈಗ ಉಪ್ಪಿನ ಡಬ್ಬಿಗೆ ಬರೋಣ. ಸಮುದ್ರದ ಹತ್ತಿರ ಸಂಸಾರ ಹೂಡಿದ ಮೊದಲ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ಮುಚ್ಚಳ ಹಾಕಲು ಮರೆತಿದ್ದ ಉಪ್ಪು ಸಂಜೆಗೆ ಗೋಡೆಗೆ ಅಂಟಿದ ಸುಣ್ಣದ ಹಾಗೆ ಗಟ್ಟಿಯಾಗಿತ್ತು, ತಳದಲ್ಲಿ ನೀರು ಒಸರಿತ್ತು. ಯಾರೋ ಒದ್ದೆ ಚಮಚ ಹಾಕಿದ್ದಾರೆ ಅಂದುಕೊಂಡೆ. ವಿಷಯ ಅದಲ್ಲ. ಗಾಳಿಯ ತೇವ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ಚಿಕ್ಕ ತಟ್ಟೆಯಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ಕಿಟಕಿ ಹತ್ತಿರ ಇಡಿ. ಹರಳು ಹೊಳೆದು ಅಂಟಂಟಾದರೆ ಆ ದಿನ ಬಟ್ಟೆ ಒಣಗುವುದು ಕಷ್ಟ, ಮೈ ಬೆವರೂ ಒಣಗಲ್ಲ.

ಮಣ್ಣಿನ ಮಡಕೆಯೂ ಇದನ್ನೇ ಹೇಳುತ್ತದೆ. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಹೋಗುವಾಗ ಶಾಖವನ್ನು ಜೊತೆಗೆ ತೆಗೆದುಕೊಂಡು ಹೋಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಒಳನಾಡಿನ ಒಣ ಗಾಳಿಯಲ್ಲಿ ಮಡಕೆಯ ಹೊರಮೈ ಬರೀ ತಂಪಾಗಿರುತ್ತದೆ, ಕೈಗೆ ನೀರು ಅಷ್ಟಾಗಿ ಹತ್ತಲ್ಲ. ಅದೇ ಮಡಕೆಯನ್ನು ನಾನು ಕರಾವಳಿಗೆ ಒಯ್ದಿದ್ದೆ. ಅಲ್ಲಿ ಅದರ ಬುಡದಲ್ಲಿ ನೀರಿನ ಬಳೆ ನಿಲ್ಲುತ್ತಿತ್ತು, ಒಳಗಿನ ನೀರು ಮಾತ್ರ ಹೆಚ್ಚೇನೂ ತಂಪಾಗುತ್ತಿರಲಿಲ್ಲ. ನಮ್ಮ ಮೈ ತಣ್ಣಗಾಗುವುದೂ ಹೀಗೇ. ಬೆವರು ಹರಿದರೆ ಸಾಲದು, ಆರಬೇಕು. 32 ಡಿಗ್ರಿ ಬಿಸಿಗೆ ಶೇ 70 ತೇವ ಸೇರಿದರೆ ಮೈಗೆ ಸುಮಾರು 41ರ ಹಾಗೆ ಅನ್ನಿಸುತ್ತದೆ ಅಂತ ಹವಾಮಾನದವರ ಲೆಕ್ಕವೇ ಹೇಳುತ್ತದೆ. ಕರಾವಳಿಯವರು '32 ತಾನೇ' ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ.

ಆದರೆ ಮೊಬೈಲಿನಲ್ಲಿ ಬರುವ ತೇವದ ಶೇಕಡಾ ನೋಡಿ ಮೋಸ ಹೋಗುವುದು ಸುಲಭ. ಬೆಳಿಗ್ಗೆ 24 ಡಿಗ್ರಿ ಇದ್ದಾಗ ಶೇ 90 ತೇವ ಇದ್ದ ಗಾಳಿಯೇ ಮಧ್ಯಾಹ್ನ 34ಕ್ಕೆ ಏರಿದಾಗ ಶೇ 50 ಅಂತ ತೋರಿಸುತ್ತದೆ. ಗಾಳಿಯಲ್ಲಿ ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹಿಡಿದಿಡುವ ಶಕ್ತಿ ಜಾಸ್ತಿ, ಅದಕ್ಕೇ ಅಂಕಿ ಇಳಿದ ಹಾಗೆ ಕಾಣುತ್ತದೆ. 'ಡ್ಯೂ ಪಾಯಿಂಟ್' ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ತೇವ ಇಬ್ಬನಿಯಾಗುತ್ತದೆ ಅನ್ನುವ ಲೆಕ್ಕ, ಅದನ್ನು ನೋಡಿ. ಅದು 20 ದಾಟಿದರೆ ಜಿಗುಟು, 24 ದಾಟಿದರೆ ಉಸಿರುಕಟ್ಟುವ ಸೆಕೆ. ಹತ್ತರ ಆಸುಪಾಸಿನಲ್ಲಿದ್ದರೆ ಒಣ ಬಿಸಿ.

ಕಿಟಕಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮಮ್ಮ ಬೆಳಿಗ್ಗೆ ಎಂಟೂವರೆ ಅಷ್ಟೊತ್ತಿಗೆ ಎಲ್ಲಾ ಕಿಟಕಿ ಮುಚ್ಚಿ ಪರದೆ ಎಳೆದುಬಿಡುತ್ತಿದ್ದರು, ಸೂರ್ಯ ಮುಳುಗಿದ ಮೇಲೆ ಹೊರಗಿನ ಗಾಳಿ ಒಳಗಿಗಿಂತ ತಂಪು ಅನ್ನಿಸಿದಾಗಲೇ ತೆಗೆಯುವುದು. ಒಳನಾಡಿಗೆ ಅದು ಸರಿಯಾದ ಕ್ರಮ, ಈಗಲೂ ಅದನ್ನೇ ಮಾಡುತ್ತೇನೆ. ಅದೇ ಅಭ್ಯಾಸ ಕರಾವಳಿಯಲ್ಲೂ ಮುಂದುವರಿಸಿದೆ. ಮಧ್ಯಾಹ್ನ ಮೂರಕ್ಕೆ ಮನೆ ಹಬೆಯ ಪಾತ್ರೆ ಆಗಿತ್ತು. ಆ ವಾರದಲ್ಲೇ ಕಪಾಟಿನ ಬಟ್ಟೆ ಮೇಲೆ ಬೂದು ಚುಕ್ಕಿ ಬೂಸ್ಟು ಕೂತಿತು. ಪಕ್ಕದ ಮನೆಯ ಅಜ್ಜಿ ಬಂದು, 'ಏನಮ್ಮಾ, ಗಾಳಿಗೂ ಬಾಗಿಲು ಹಾಕ್ತೀಯಾ?' ಅಂತ ಕೇಳಿ ಸಮುದ್ರದ ಕಡೆಯ ಕಿಟಕಿಯನ್ನೂ ಅದರ ಎದುರಿನದನ್ನೂ ತಾವೇ ತೆಗೆದರು. ಎರಡು ನಿಮಿಷಕ್ಕೆ ಪರದೆ ಉಬ್ಬಿ ನಿಂತದ್ದು ಇನ್ನೂ ಕಣ್ಣಲ್ಲಿದೆ.

ಅದು ಕಡಲಗಾಳಿ. ಒಂದೇ ತೂಕದ ಒಣ ಮಣ್ಣಿಗಿಂತ ನೀರು ಒಂದು ಡಿಗ್ರಿ ಏರಲು ನಾಲ್ಕೈದು ಪಟ್ಟು ಶಾಖ ಬೇಕು. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಗಾಳಿ ಕಾದು ಮೇಲೇರಿದಾಗ ಕಡಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ, ಸಂಜೆ ನಿಲ್ಲುತ್ತದೆ. ಬೇಸಿಗೆಯ ಶುರುವಿನಲ್ಲಿ ಕಡಲು ಇನ್ನೂ ತಂಪಾಗಿರುವುದರಿಂದ ಈ ಗಾಳಿ ಚೆನ್ನಾಗಿ ಬೀಸುತ್ತದೆ. ಕರಾವಳಿಯವರು ಆದ್ದರಿಂದ ಗಾಳಿಯ ದಿಕ್ಕನ್ನೂ ನೋಡಬೇಕು. ಒಳನಾಡಿನಿಂದ ಕಡಲ ಕಡೆಗೆ ಜೋರಾಗಿ ಬೀಸುವ ಗಾಳಿ ಅಂತ ಇದ್ದರೆ ಕಡಲಗಾಳಿ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಕರಾವಳಿಯಲ್ಲಿ ದಿಢೀರ್ ಅಂತ ಬಿಸಿ ಏರುವುದು ಅಂಥ ದಿನಗಳಲ್ಲೇ. ಆ ದಿನ ಮಾತ್ರ ನಮ್ಮಮ್ಮನ ಕ್ರಮ ಅಲ್ಲೂ ಸರಿ, ಮುಚ್ಚಿ.

ನೀರು ಹಾಕುವ ಕೂಲರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಒಣ ಸೀಮೆಯಲ್ಲಿ ಅದು ಬಹಳ ಒಳ್ಳೆಯದು, ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ, ಒದ್ದೆ ಗಾಳಿ ಹೊರಗೆ ಹೋಗಬೇಕು. ಕಡಲ ಪಕ್ಕ ಅದಕ್ಕೆ ದುಡ್ಡು ಹಾಕಬೇಡಿ, ಇದ್ದ ತೇವಕ್ಕೆ ಇನ್ನಷ್ಟು ತೇವ ಸೇರಿಸಿದ ಹಾಗೆ. ಬರೀ ಫ್ಯಾನ್ ಸಾಕು. ಒಳನಾಡಿನಲ್ಲಿ 40 ಡಿಗ್ರಿ ದಾಟಿದ ಕೋಣೆಯಲ್ಲಿ ಬರೀ ಫ್ಯಾನ್ ನಂಬಿ ಕೂರಬೇಡಿ, ಅದು ಬಿಸಿ ಗಾಳಿಯನ್ನೇ ಮೈಗೆ ತಳ್ಳುತ್ತದೆ. ಕತ್ತು, ತೋಳಿಗೆ ಒದ್ದೆ ಬಟ್ಟೆ ಹಾಕಿಕೊಳ್ಳಿ, ತಂಪು ಕೋಣೆಗೆ ಹೋಗಿ. ಕಿಟಕಿಗೆ ನೆರಳು ಹೊರಗಿನಿಂದ ಮಾಡಿದರೆ ಒಳ್ಳೆಯದು. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಪರದೆ ಅರ್ಧಂಬರ್ಧ ತಡೆಯುತ್ತದೆ ಅಷ್ಟೇ.

ಗರಿಷ್ಠ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ರಾತ್ರಿಯ ಕನಿಷ್ಠ ಎಷ್ಟು ಅಂತ ನೋಡುವವರು ಕಡಿಮೆ, ನನಗೆ ಅದೇ ಮುಖ್ಯ. ಹಗಲು 40 ಆದರೂ ರಾತ್ರಿ 22ಕ್ಕೆ ಇಳಿದರೆ ಗೋಡೆಯೂ ಮೈಯೂ ತಣಿಯುತ್ತವೆ. ರಾತ್ರಿಯೂ 28, 29ರಲ್ಲೇ ನಿಂತು ಮೂರ್ನಾಲ್ಕು ದಿನ ಕಳೆದರೆ ವಯಸ್ಸಾದವರು ಸೋಲುತ್ತಾರೆ. ಪಶ್ಚಿಮದ ಗೋಡೆ ಹಗಲು ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಬಿಡುತ್ತಿರುತ್ತದೆ. ಮಲಗುವ ಮುಂಚೆ ಗೋಡೆಗೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಮಂಚವನ್ನು ಅಲ್ಲಿಂದ ಸರಿಸಿ.

ಬೇಸಿಗೆಯ ಮೊದಲ ಬಿಸಿಯೇ ಹೆಚ್ಚು ಅಪಾಯ, ಕಡೆಯದಲ್ಲ. ಮೈ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆ ಎರಡು ವಾರ ಟ್ರಂಕ್ ಇಳಿಸುವುದು, ಹಾಸಿಗೆ ಬಿಸಿಲಿಗೆ ಹೊರುವುದು ಎಲ್ಲಾ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ, ನನ್ನ ಅನುಭವವೂ ಅದೇ. ಹಾಗಾಗಿ ಬಾಯಾರಲಿ ಅಂತ ಕಾಯುವುದಿಲ್ಲ, ಮೂತ್ರದ ಬಣ್ಣ ನೋಡುತ್ತೇನೆ, ಗಾಢ ಹಳದಿ ಆದರೆ ನೀರು ಸಾಲದು. ಹೃದಯ, ಮೂತ್ರಪಿಂಡದ ಔಷಧಿ ತೆಗೆದುಕೊಳ್ಳುವವರು ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಿ. ಒಣ ಬಿಸಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ, ಬೆವರಿಲ್ಲ ಅಂದುಕೊಂಡು ನೀರು ಮರೆಯಬೇಡಿ. ಯಾರಾದರೂ ಮೈ ಸುಡುತ್ತಾ ತಡಬಡಿಸಿ ಮಾತಾಡಲು ಶುರು ಮಾಡಿದರೆ ಕಾಯಬೇಡಿ. ನೆರಳಿಗೆ ತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಿಸಿ, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅಡುಗೆಮನೆಯಲ್ಲಿ ಒಂದೇ ಮಾತು. 32 ಡಿಗ್ರಿ ದಾಟಿದ ದಿನ ಬೇಯಿಸಿದ್ದನ್ನು ಒಂದು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಮಾತ್ರೆಗಳನ್ನೂ ಒಲೆ ಮೇಲಿನ ಕಪಾಟಿನಿಂದ ತೆಗೆಯಿರಿ, 25 ಅಥವಾ 30 ಡಿಗ್ರಿಯೊಳಗೆ ಇಡಿ ಅಂತ ಪೊಟ್ಟಣದ ಮೇಲೇ ಬರೆದಿರುತ್ತದೆ.

ಇನ್ನು ಸಂಜೆಯ ಗುಡುಗು. ಬೇಸಿಗೆಯಲ್ಲಿ ನೆಲ ಕಾದು, ಗಾಳಿಯಲ್ಲಿ ತೇವವೂ ಇದ್ದರೆ ಒಳನಾಡಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಮೋಡ ಹೂಕೋಸಿನ ಹಾಗೆ ಎದ್ದು ನಿಲ್ಲುತ್ತದೆ. ಅದರ ಬುಡ ಕಪ್ಪಾಗಿ, ದಿಢೀರ್ ಅಂತ ತಣ್ಣನೆ ಗಾಳಿ ಧೂಳು ಹೊತ್ತು ಬಂದರೆ ಸಮಯ ತುಂಬಾ ಇಲ್ಲ. ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಒಳಗೆ ಬನ್ನಿ. ಪ್ಲಗ್ ಎಳೆಯುವುದಿದ್ದರೆ ಮೋಡ ಕಟ್ಟುವಾಗಲೇ ಎಳೆದುಬಿಡಿ, ಸಿಡಿಲು ಹತ್ತಿರ ಬಂದ ಮೇಲೆ ಮುಟ್ಟಬೇಡಿ. ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ತಾರಸಿ ಹತ್ತಬೇಡಿ. ಬಟ್ಟೆ ನೆನೆದರೆ ನೆನೆಯಲಿ, ಬೆಳಿಗ್ಗೆ ಇನ್ನೊಂದು ಸಲ ಹಿಂಡಿ ಹಾಕಿದರಾಯಿತು.