ವಿಸ್ಕಿ ಪತ್ರಕರ್ತರನ್ನು ತಲುಪುವ ಬಗೆ

ಬೆಂಗಳೂರಿನ ಅಮೃತ್ ಸಂಸ್ಥೆಯು ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ತಯಾರಿಸಿದ ವಿಸ್ಕಿ) ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ್ದು 2004ರಲ್ಲಿ. ಅದರ ಫ್ಯೂಷನ್ ವಿಸ್ಕಿಗೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಾರ್ಷಿಕ ಕೈಪಿಡಿಯಲ್ಲಿ 100ಕ್ಕೆ 97 ಅಂಕ ಕೊಟ್ಟಾಗ ಹೊರದೇಶಗಳ ಪತ್ರಿಕೆಗಳ ಕಣ್ಣು ಅತ್ತ ಹೊರಳಿತು. ಇಂಥ ಗಮನ ಬಯಸುವ ಹೊಸ ಬ್ರ್ಯಾಂಡಿನವರು ಮೊದಲು ಪತ್ರಕರ್ತರ ಈಚಿನ ಬರಹಗಳನ್ನು ಓದಿ, ಕಾಕ್‌ಟೇಲ್ ಕುರಿತು ಬರೆಯುವವರಿಗೆ ಸಿಂಗಲ್ ಮಾಲ್ಟಿನ ಸುದ್ದಿ ಕಳಿಸುವ ತಪ್ಪನ್ನು ತಪ್ಪಿಸಿಕೊಳ್ಳಬೇಕು. ‘ವಿಶ್ವದರ್ಜೆ’ಯಂತಹ ಸವಕಲು ಮಾತನ್ನು ಯಾರೂ ಓದುವುದಿಲ್ಲ. ಬಾರ್ಲಿ ಎಲ್ಲಿಯದು, ವಿಸ್ಕಿ ಮಾಗಿದ ಪೀಪಾಯಿಯಲ್ಲಿ ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ಇತ್ತೋ ಶೆರ್ರಿಯೋ (ಸ್ಪೇನಿನ ವೈನ್), ಬೆಂಗಳೂರಿನ ಸೆಕೆಗೆ ಪೀಪಾಯಿಯಲ್ಲಿರುವ ವಿಸ್ಕಿಯ ಎಷ್ಟು ಪಾಲು ವರ್ಷಕ್ಕೆ ಆವಿಯಾಗುತ್ತದೆ (ಸ್ಕಾಟ್ಲೆಂಡಿನಲ್ಲಿ ಇದು ಸುಮಾರು ಶೇ. 2), ಬೆಲೆಯೇನು, ಎಲ್ಲಿ ಸಿಗುತ್ತದೆ ಎಂಬುದನ್ನು ಒಂದೇ ಪುಟದಲ್ಲಿ ತಿಳಿಸಿ. ಮಾದರಿ ಬಾಟಲಿ ಕಳಿಸುವ ಮುನ್ನ ಅವರ ಒಪ್ಪಿಗೆ ಪಡೆದು, ಆಯಾ ರಾಜ್ಯದ ಅಬಕಾರಿ ನಿಯಮಗಳನ್ನು ಪರಿಶೀಲಿಸಿ. ಹೊಗಳಿ ಬರೆಯಬೇಕೆಂಬ ಷರತ್ತನ್ನಂತೂ ಹಾಕಲೇಬೇಡಿ.