ಕೋಡೆಕ್ಸ್ ನೆರವು ನಿಧಿಗೆ ಅರ್ಜಿ ಸಿದ್ಧಪಡಿಸುವ ಬಗೆ

ಆಹಾರದ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗದಲ್ಲಿ ಸದಸ್ಯತ್ವ ಇದ್ದ ಮಾತ್ರಕ್ಕೆ ಒಂದು ದೇಶದ ಮಾತು ನಡೆಯುವುದಿಲ್ಲ. ಕರಡುಗಳನ್ನು ಓದಿ, ಆಧಾರಸಹಿತ ಅಭಿಪ್ರಾಯವನ್ನು ಗಡುವಿನೊಳಗೆ ಕಳುಹಿಸುವ ವ್ಯವಸ್ಥೆ ಸ್ವದೇಶದಲ್ಲೇ ಇರಬೇಕು. ಅಂಥ ವ್ಯವಸ್ಥೆ ಕಟ್ಟಿಕೊಳ್ಳಲು ನೆರವಾಗುವುದೇ ವಿಶ್ವ ಆರೋಗ್ಯ ಸಂಸ್ಥೆ ನಿರ್ವಹಿಸುವ ಕೋಡೆಕ್ಸ್ ಟ್ರಸ್ಟ್ ಫಂಡ್. ಇದರ ಮೊದಲ ಹಂತದಲ್ಲಿ ಹೆಚ್ಚಿನ ಹಣ ಪ್ರತಿನಿಧಿಗಳನ್ನು ಸಭೆಗೆ ಕಳುಹಿಸುವುದಕ್ಕೆ ವೆಚ್ಚವಾಯಿತು. 2016ರಲ್ಲಿ 12 ವರ್ಷಗಳ ಅವಧಿಗೆಂದು ಆರಂಭವಾದ ಎರಡನೇ ಹಂತ ಬಹುವರ್ಷ ಯೋಜನೆಗಳಿಗೆ ಒತ್ತು ಕೊಟ್ಟಿತು. ಆದ್ದರಿಂದ ಪ್ರವಾಸದ ಖರ್ಚಿನ ಪಟ್ಟಿಯಂತೆ ಕಾಣುವ ಅರ್ಜಿಯನ್ನು ಬರೆಯಬೇಡಿ.

ಅರ್ಹತೆಯನ್ನೂ ಅರ್ಜಿ ಆಹ್ವಾನ ಜಾರಿಯಲ್ಲಿದೆಯೇ ಎಂಬುದನ್ನೂ ಮೊದಲೇ ಪರಿಶೀಲಿಸಿ. ಅರ್ಜಿ ಆಯೋಗದೊಡನೆ ದೇಶದ ಪರವಾಗಿ ವ್ಯವಹರಿಸುವ ರಾಷ್ಟ್ರೀಯ ಕೋಡೆಕ್ಸ್ ಸಂಪರ್ಕ ಕಚೇರಿಯ ಮೂಲಕವೇ ಹೋಗಬೇಕು. ಆರೋಗ್ಯ, ಕೃಷಿ, ವಾಣಿಜ್ಯ ಇಲಾಖೆಗಳ ಒಪ್ಪಿಗೆ ಕಾಗದದ ಮೇಲೆ ಇರಲಿ. ಈ ಸಹಿಗಳಿಗೆ ತಗಲುವ ಸಮಯವನ್ನು ಎಲ್ಲರೂ ಕಡಿಮೆಯೆಂದೇ ಅಂದಾಜಿಸುತ್ತಾರೆ.

ಅನಂತರ ಲೋಪಗಳನ್ನು ಗುರುತಿಸಿ. ಇದಕ್ಕೆಂದೇ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸ್ವಯಂ ಮೌಲ್ಯಮಾಪನದ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿವೆ. ಅದನ್ನು ಒಬ್ಬರೇ ಕುಳಿತು ತುಂಬದೆ, ಎಲ್ಲ ಇಲಾಖೆಗಳವರ ಎದುರು ತುಂಬಿ. ಇದರ ಜೊತೆಗೆ ಸದಸ್ಯ ದೇಶಗಳ ಅಭಿಪ್ರಾಯ ಕೇಳಿ ಕೋಡೆಕ್ಸ್ ಕಳುಹಿಸುವ ಸುತ್ತೋಲೆ ಪತ್ರಗಳಲ್ಲಿ ಒಂದೇ ಒಂದರ ಜಾಡು ಹಿಡಿದು ನೋಡುವುದು ನನ್ನ ಸಲಹೆ. ಕರಡು ಮಾನದಂಡ ಸಾಗುವ 8 ಹಂತಗಳಲ್ಲಿ 3 ಮತ್ತು 6ನೆಯವು ಸದಸ್ಯ ದೇಶಗಳ ಅಭಿಪ್ರಾಯಕ್ಕೆ ಮೀಸಲು. ಕಡಲೆಕಾಯಿಯಲ್ಲಿನ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಉಂಟಾಗುವ ವಿಷ) ಮಿತಿಯ ಬಗ್ಗೆ ಪತ್ರ ಬಂತು ಎಂದುಕೊಳ್ಳಿ: ಅದನ್ನು ತೆರೆದವರು ಯಾರು, ಪ್ರಯೋಗಾಲಯಕ್ಕೆ ತಲುಪಿದ್ದು ಯಾವಾಗ, ಅಲ್ಲಿನ ಪರೀಕ್ಷಾ ಫಲಿತಾಂಶಗಳು ಜಾಗತಿಕ ದತ್ತಾಂಶ ಕೋಶಕ್ಕೆ ಹೋದವೇ, ಅಥವಾ ದಾಖಲೆ ಪುಸ್ತಕದಲ್ಲೇ ಉಳಿದವೇ? ಪತ್ರ ಎಲ್ಲಿ ನಿಂತಿತೋ ಅಲ್ಲೇ ನಿಮ್ಮ ಯೋಜನೆ ಆರಂಭವಾಗುತ್ತದೆ.

ಗುರಿಯನ್ನು ಅಳೆಯಲು ಬರುವಂತೆ ಬರೆಯಿರಿ. ‘ಅಧಿಕಾರಿಗಳ ಸಾಮರ್ಥ್ಯ ವೃದ್ಧಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಎರಡನೇ ವರ್ಷದ ಕೊನೆಯೊಳಗೆ, ಮಾಲಿನ್ಯಕಾರಕಗಳ ಸಮಿತಿಯ ಪ್ರತಿಯೊಂದು ಸುತ್ತೋಲೆಗೂ ರಾಷ್ಟ್ರೀಯ ಕೋಡೆಕ್ಸ್ ಸಮಿತಿ ಚರ್ಚಿಸಿ ಒಪ್ಪಿದ ಲಿಖಿತ ಅಭಿಪ್ರಾಯವನ್ನು ಗಡುವಿನೊಳಗೆ ಕಳುಹಿಸಲಾಗುವುದು’ ಎಂಬ ವಾಕ್ಯವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆಯೋಗದ ಅಡಿಯಲ್ಲಿ ಇಂಥ ವಿಷಯವಾರು ಸಮಿತಿಗಳು ಹಲವು; ಅವೆಲ್ಲವನ್ನೂ ಹಿಂಬಾಲಿಸುವ ಆಸೆ ಬೇಡ. ದೇಶದ ರಫ್ತಿಗೋ ಜನಾರೋಗ್ಯಕ್ಕೋ ನೇರ ಸಂಬಂಧವುಳ್ಳ ಎರಡು ಸಮಿತಿಗಳು ಸಾಕು.

ಆಯವ್ಯಯದ ಪ್ರತಿ ಬಾಬ್ತೂ ಒಂದು ಚಟುವಟಿಕೆಗೆ ಹೊಂದಿರಲಿ. ನೆರವು ಮುಗಿದ ಮೇಲೆ ಸಂಪರ್ಕ ಕಚೇರಿಯ ಸಿಬ್ಬಂದಿಯ ವೇತನವನ್ನು ಯಾವ ಇಲಾಖೆ ಭರಿಸುತ್ತದೆ ಎಂಬುದನ್ನೂ ನಮೂದಿಸಿ, ಏಕೆಂದರೆ ಪರಿಶೀಲಕರು ಕೇಳುವ ಕಠಿಣ ಪ್ರಶ್ನೆ ಅದೇ.

ಕೊರತೆ ಇರುವುದು ಸಮಿತಿಯ ಕಲಾಪದಲ್ಲಿ ಅಲ್ಲ, ಮಾನದಂಡವನ್ನು ನೆಲದ ಮೇಲೆ ಪಾಲಿಸುವುದರಲ್ಲಿ ಎಂದು ಕಂಡುಬಂದರೆ, ವಿಶ್ವ ವ್ಯಾಪಾರ ಸಂಸ್ಥೆಯ ಆಶ್ರಯದಲ್ಲಿರುವ ಮಾನದಂಡ ಮತ್ತು ವ್ಯಾಪಾರ ಅಭಿವೃದ್ಧಿ ನಿಧಿಯ ಕಡೆ ಹೋಗುವುದು ಮೇಲು. ಯೋಜನೆ ರೂಪಿಸುವುದಕ್ಕೆಂದೇ ಅದು 50,000 ಅಮೆರಿಕನ್ ಡಾಲರ್‌ವರೆಗೆ ಪ್ರತ್ಯೇಕ ಅನುದಾನ ನೀಡುತ್ತದೆ.