ಪಿತ್ತದ ಗಂಧೆ: ನನಗೆ ಕಾರಣ ಸಿಕ್ಕಿದ್ದು ಹೀಗೆ

ಮೈಮೇಲೆ ಗಂಧೆ ಎದ್ದರೆ ನಮ್ಮ ಚಿಕ್ಕಮಗಳೂರು ಕಡೆ ಮೊದಲು ಬೈಸಿಕೊಳ್ಳುವುದು ಬದನೆಕಾಯಿ. ಆಮೇಲೆ ಮೀನು, ಅಣಬೆ, ಹಲಸಿನಹಣ್ಣು. ಎಲ್ಲವೂ ನಂಜು! ನಮ್ಮತ್ತೆ ಇವನ್ನೆಲ್ಲ ಒಂದೊಂದಾಗಿ ಬಿಡಿಸಿದರು. ದೊಡ್ಡಪತ್ರೆ ಸೊಪ್ಪು ಉಜ್ಜಿದ್ದಾಯಿತು, ಮುರುಗಲು ಪಾನಕ ಕುಡಿದದ್ದಾಯಿತು. ದೊಡ್ಡಪತ್ರೆ ತಂಪು ಅನಿಸುತ್ತಿತ್ತು, ಇಲ್ಲ ಅನ್ನುವುದಿಲ್ಲ. ಕಂಬಳಿಯಲ್ಲಿ ಉಜ್ಜಿದಾಗ ಮಾತ್ರ ತುರಿಕೆ ಇನ್ನೂ ಜಾಸ್ತಿಯಾಯಿತು. ಗಂಧೆ ಬರುವುದೇನೂ ನಿಲ್ಲಲಿಲ್ಲ.

ಆರು ವಾರ ದಾಟಿದರೂ ಮತ್ತೆ ಮತ್ತೆ ಏಳುವ ಗಂಧೆಗೆ ಡಾಕ್ಟರುಗಳು ಕ್ರಾನಿಕ್ ಅರ್ಟಿಕೇರಿಯಾ ಅನ್ನುತ್ತಾರೆ. ಅಷ್ಟು ದಿನ ಎಳೆಯುವ ಗಂಧೆಗೆ ಊಟ ಕಾರಣವಾಗಿರುವುದು ತೀರಾ ಕಡಿಮೆಯಂತೆ. ಬಹಳ ಜನರಿಗೆ ಹೊರಗಿನ ಕಾರಣವೇ ಸಿಗುವುದಿಲ್ಲ. ಪೇಟೆಯ ಚರ್ಮದ ಡಾಕ್ಟರು ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ನೋವಿನ ಮಾತ್ರೆ ನುಂಗುತ್ತೀರಾ ಎಂದೂ ಕೇಳಿದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದವು ಕೆಲವರಿಗೆ ಗಂಧೆಯನ್ನು ಕೆರಳಿಸುತ್ತವೆ. ನಾನು ನುಂಗುತ್ತಿರಲಿಲ್ಲ. "ಊಟ ಬಿಡಬೇಡಿ, ಒಂದು ಪುಸ್ತಕದಲ್ಲಿ ಬರೆದಿಡಿ" ಅಂದರು.

ತಿಂದದ್ದನ್ನು ಮಾತ್ರ ಬರೆದರೆ ಸಾಲದು. ಎಷ್ಟು ಹೊತ್ತಿಗೆ ಎದ್ದಿತು, ಮೈಯ ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಇಳಿಯಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಇದೆಲ್ಲ ಬೇಕು. ಗಂಧೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಮಾಯ ಆಗಿರುತ್ತದೆ, ಅಲ್ವಾ? ಒಂದೇ ಜಾಗದಲ್ಲಿ 24 ಗಂಟೆ ಮೀರಿ ನಿಂತು, ಕಲೆ ಉಳಿಸಿ ಹೋದರೆ ಅದು ಬೇರೆ ಕಾಯಿಲೆ ಇರಬಹುದು. ನನ್ನದು ಗಂಟೆ ಒಪ್ಪತ್ತಿನಲ್ಲಿ ಇಳಿಯುತ್ತಿತ್ತು.

ಗುಟ್ಟು ಇದ್ದದ್ದು 'ಜಾಗ'ದ ಕಾಲಮ್ಮಿನಲ್ಲಿ. ಬೆಳಿಗ್ಗೆ ಆಲ್ದೂರು ಕಡೆಯಿಂದ ಪೇಟೆಗೆ ಸ್ಕೂಟರಿನಲ್ಲಿ ಬಂದು, ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಕೈಬೆರಳು ಊದಿಕೊಂಡು ಕೆಂಪಗಾಗುತ್ತಿದ್ದವು. ಇಡ್ಲಿ ಮೇಲೆ ಯಾರಿಗೆ ಅನುಮಾನ ಬರುವುದಿಲ್ಲ ಹೇಳಿ. ಆದರೆ ಫೋಟೋಗಳನ್ನು ಸಾಲಾಗಿ ನೋಡಿದರೆ ಗಂಧೆ ಸ್ವೆಟರಿನ ತೋಳು ಮುಗಿಯುವ ಕಡೆಯೇ ನಿಂತಿತ್ತು. ವಾಚಿನ ಪಟ್ಟಿಯ ಅಡಿಯಲ್ಲಿ ಚರ್ಮ ನುಣ್ಣಗೆ, ಅದರ ಎರಡೂ ಪಕ್ಕ ದದ್ದು. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಬಂದ ದಿನ ಕೆನ್ನೆಯಲ್ಲೂ ಇತ್ತು. ಭಾನುವಾರ ತೊಟ್ಟಿ ನೀರಲ್ಲಿ ಪಾತ್ರೆ ತೊಳೆದರೆ ಮಣಿಕಟ್ಟಿನವರೆಗೆ ಮಾತ್ರ. ಇಡ್ಲಿಗೆ ನನ್ನ ತೋಳಿನ ಅಳತೆ ಹೇಗೆ ಗೊತ್ತಾಗಬೇಕು?

ಇದು ಚಳಿಯ ಗಂಧೆ, ಕೋಲ್ಡ್ ಅರ್ಟಿಕೇರಿಯಾ. ಚಳಿಯಲ್ಲಿರುವಾಗಲೇ ಏಳಬೇಕೆಂದಿಲ್ಲ. ಮೈ ಮತ್ತೆ ಬೆಚ್ಚಗಾಗುವಾಗ ಜೋರಾಗಿ ಏಳುತ್ತದೆ. ಹಾಗಾಗಿಯೇ ಬಿಸಿ ಕಾಫಿ, ಒಲೆಯ ಹೊಗೆ, ಎಲ್ಲದರ ಮೇಲೂ ಅಪವಾದ ಬಂದಿತ್ತು. ಡಾಕ್ಟರು ಐಸ್ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮುಂಗೈ ಮೇಲೆ ಐದು ನಿಮಿಷ ಇಟ್ಟು ತೆಗೆದರು. ಹತ್ತು ನಿಮಿಷದಲ್ಲಿ ಐಸಿನ ಆಕಾರಕ್ಕೇ ಚರ್ಮ ಉಬ್ಬಿತು. ಈ ಪರೀಕ್ಷೆಗೆ ಮುಂಚೆ ಕೆಲವು ದಿನ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಏನೂ ಕಾಣದೇ ಹೋಗಬಹುದು. ಮನೆಯಲ್ಲಿ ಸುಮ್ನೆ ಮಾಡಿ ನೋಡಲು ಹೋಗಬೇಡಿ.

ಈಗ ಗ್ಲೌಸ್, ಮಫ್ಲರ್, ಗಾಜು ಇಳಿಸಿದ ಹೆಲ್ಮೆಟ್ಟು. ಪಾತ್ರೆಗೆ ಉಗುರುಬೆಚ್ಚಗಿನ ನೀರು. ಮಳೆಯಲ್ಲಿ ನೆಂದರೆ ಮೊದಲು ಬಟ್ಟೆ ಬದಲಾಯಿಸುತ್ತೇನೆ, ಒದ್ದೆ ಮೈಗೆ ಗಾಳಿ ಬಡಿದರೆ ಸಾಕು. ಐಸ್‌ಕ್ರೀಮ್ ಬಿಟ್ಟಿದ್ದೇನೆ, ಗಂಟಲು ಊದುವ ಭಯ. ಕಲ್ಲತ್ತಿಗಿರಿಗೆ ಹೋದರೂ ಜಲಪಾತದ ಕೆಳಗೆ ನಿಲ್ಲುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಡೀ ಮೈ ಒಮ್ಮೆಗೇ ತಣ್ಣೀರಿಗೆ ಬಿದ್ದರೆ ಬಿಪಿ ಇಳಿದು ಎಚ್ಚರ ತಪ್ಪಬಹುದು, ನೀರಲ್ಲೇ ಪ್ರಾಣ ಹೋಗಬಹುದು. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ದೊಡ್ಡಪತ್ರೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಆಪರೇಷನ್ ಏನಾದರೂ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಬೇಕು. ಥಿಯೇಟರಿನ ಚಳಿ, ತಣ್ಣಗಿನ ಡ್ರಿಪ್ಪು ಎರಡೂ ಆಗುವುದಿಲ್ಲ.

ಮಾತ್ರೆ ವಿಷಯ: ಗಂಧೆ ಎದ್ದಾಗ ಮಾತ್ರ ನುಂಗುವುದಕ್ಕಿಂತ ದಿನಾ ನುಂಗುವುದು ನನಗೆ ಕೆಲಸ ಮಾಡಿತು. ನಿದ್ದೆ ಅಷ್ಟಾಗಿ ತರಿಸದ ಫೆಕ್ಸೊಫೆನಡಿನ್ ಅನ್ನುವ ಅಲರ್ಜಿ ಮಾತ್ರೆ ಬರೆದುಕೊಟ್ಟಿದ್ದಾರೆ. ಮಳೆಗಾಲದಲ್ಲಿ, ಕಾಫಿ ಕೊಯ್ಲಿನ ಚಳಿಯಲ್ಲಿ ತಪ್ಪಿಸುವುದಿಲ್ಲ. ಬೇಸಿಗೆ ಬಂದ ಮೇಲೆ ಡಾಕ್ಟರನ್ನು ಕೇಳಿ ಕಡಿಮೆ ಮಾಡುತ್ತೇನೆ. ಬದನೆಕಾಯಿ ಎಣಗಾಯಿ ಮಾತ್ರ ವರ್ಷವಿಡೀ ತಿನ್ನುತ್ತೇನೆ. ಅತ್ತೆಗೆ ಇನ್ನೂ ನಂಬಿಕೆ ಬಂದಿಲ್ಲ.